ಉತ್ತರದ ಖಾನೆ

ನಾನು ಓದಿದ್ದು ಏಳನೆಯ ಇಯತ್ತೆಯವರೆಗೆ. ಡೊಂಬಿವಲಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಇಪ್ಪತ್ತನಾಲ್ಕು ವರ್ಷ ಇದ್ದು, ಕಲ್ಯಾಣದಿಂದ ನವಿ ಮುಂಬಯಿಯವರೆಗೆ ಕಚೇರಿ ಕಚೇರಿಗೆ ಹೋಗಿ ಕಂಪ್ಯೂಟರಿನಲ್ಲಿ ಇ-ಮೇಲ್ ಕೂಡಿಸಿಕೊಡುವ ಕೆಲಸ ಮಾಡಿದೆ. ಹೋದ ವರ್ಷ ಬಿಟ್ಟೆ. ನಾನಿರುವ ದಿವಾದ ಕೆಲವು ಹುಡುಗಿಯರು ಈಗ ಇಂಥದೇ ಕೆಲಸಕ್ಕೆ ಸೇರುತ್ತಿದ್ದಾರೆ. "ಮಾವಶಿ, ಕೆಲಸ ಹೆಂಗಿರ್ತೈತಿ ಅಂತ ಒಂದೀಟು ಬರದುಕೊಡ್ರಿ" ಎಂದು ಕೇಳಿದರು. ಬರೆಯಲು ಕುಳಿತರೆ ನನಗೆ ಕಂಪ್ಯೂಟರ್ ಪರದೆಯ ಒಂದೇ ಒಂದು ಖಾನೆ ಕಣ್ಣಮುಂದೆ ಬಂದು ನಿಲ್ಲುತ್ತದೆ. ಅದರಲ್ಲಿ ನಾನು ನನ್ನ ತಂಗಿಗೆ ಮಾಡಿದ ಅನ್ಯಾಯವಿದೆ. ಆದರೆ ಕೆಲಸ ತಿಳಿಯದೆ ಆ ತಪ್ಪು ತಿಳಿಯುವುದಿಲ್ಲ. ಆದ್ದರಿಂದ ಕೆಲಸದಿಂದಲೇ ಶುರುಮಾಡುತ್ತೇನೆ.

ನಮ್ಮದು ವಿಜಯಪುರದ ಕಡೆಯ ಮನೆತನ. ಅಪ್ಪ ತುರ್ಭೆಯ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಿದ್ದ. ಅವ್ವ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ತಂಗಿ ರೇಣುಕಾ ಹುಟ್ಟಿದಳು. ಕೂಸನ್ನು ನೋಡಿಕೊಳ್ಳುವವರು ಬೇಕಾಗಿತ್ತು, ನಾನು ಶಾಲೆ ಬಿಟ್ಟೆ. ಯಾರೂ ಬಿಡು ಎಂದು ಹೇಳಲಿಲ್ಲ, ಬಿಡಬೇಡ ಎಂದೂ ಹೇಳಲಿಲ್ಲ. ಮುಂದೆ ನನ್ನ ಮದುವೆಯಾಯಿತು, ಎರಡೇ ವರ್ಷಕ್ಕೆ ತವರಿಗೆ ವಾಪಸು ಬಂದೆ. ಅಷ್ಟರಲ್ಲಿ ರೇಣುಕಾ ಶಾಲೆಯಲ್ಲಿ ಮೊದಲ ನಂಬರು ತರುವ ಹುಡುಗಿಯಾಗಿದ್ದಳು. ಅವಳ ಪಾಟಿಚೀಲ ನೋಡಿದಾಗಲೆಲ್ಲ, ಅದು ನನ್ನದಾಗಬೇಕಾಗಿತ್ತು ಎಂದು ಅನ್ನಿಸುತ್ತಿತ್ತು. ಹಾಗೆ ಅನ್ನಿಸುವುದು ತಪ್ಪೆಂದು ಗೊತ್ತಿದ್ದರೂ ಅನ್ನಿಸುವುದು ನಿಲ್ಲಲಿಲ್ಲ.

ಅಂಗಡಿಗೆ ನಾನು ಸೇರಿದ್ದು ಕಸ ಹೊಡೆಯಲು, ಚಹಾ ತರಲು. ಮಾಲೀಕರು ಪೈ ಸರ್, ಉಡುಪಿಯ ಕಡೆಯವರು. ಪರದೆ ಒರೆಸುವಾಗ ಅವರು ಏನು ಮಾಡುತ್ತಾರೆ ಎಂದು ನೋಡುತ್ತ ನಿಲ್ಲುತ್ತಿದ್ದೆ. ಇಂಗ್ಲಿಷ್ ಅಕ್ಷರ ಕೂಡಿಸಿ ಓದುವುದು ಕಷ್ಟ. ಆದರೆ ಯಾವ ಕಿಟಕಿಯಲ್ಲಿ ಯಾವ ಖಾನೆ ಎಲ್ಲಿದೆ, ಎಲ್ಲಿ ಟಿಕ್ ಇರಬೇಕು, ಎಲ್ಲಿ ಇರಬಾರದು ಎಂಬುದು ರಂಗೋಲಿಯ ಚುಕ್ಕಿಯ ಹಾಗೆ ತಲೆಯಲ್ಲಿ ಕೂತುಬಿಡುತ್ತಿತ್ತು. ಒಂದು ದಿನ ಪೈ ಸರ್ ಫೋನಿನಲ್ಲಿ ಮಾತಾಡುತ್ತ ಪರದೆಯ ಮುಂದೆ ತಡವರಿಸುತ್ತಿದ್ದರು. ನಾನು ಒರೆಸುವ ಬಟ್ಟೆ ಹಿಡಿದುಕೊಂಡೇ, "ಸರ್, ಅಲ್ಲಿ ನೂರಾ ಹತ್ತು ಬರ್ತೈತ್ರಿ, ನೀವು ಇಪ್ಪತ್ತೈದು ಹಾಕೀರಿ" ಎಂದೆ.

ಅವರು ಫೋನ್ ಕೆಳಗಿಟ್ಟು ನನ್ನನ್ನೇ ನೋಡಿದರು. "ನಿಂಗೆ ಯಾರು ಹೇಳಿದ್ದು ಮಾರಾಯ್ತಿ?"

"ಯಾರೂ ಇಲ್ರಿ. ದಿನಾ ಅಲ್ಲೇ ಇರ್ತೈತಲ್ರಿ."

"ನಾಳೆಯಿಂದ ಚಾ ತರ್ಲಿಕ್ಕೆ ಬೇರೆ ಜನ ನೋಡ್ತೇನೆ. ನೀನು ಇಲ್ಲಿ ಕೂತ್ಕೋ."

ಅವರು ಕಲಿಸಿದ್ದು ಇಷ್ಟು. ಇ-ಮೇಲಿಗೆ ಎರಡು ದಾರಿ: ಬರುವ ದಾರಿ ಒಂದು, ಹೋಗುವ ದಾರಿ ಇನ್ನೊಂದು. ಎರಡಕ್ಕೂ ಬೇರೆ ವಿಳಾಸ, ಬೇರೆ ನಂಬರು. ಒಂದು ಸರಿ ಇದ್ದ ಮಾತ್ರಕ್ಕೆ ಇನ್ನೊಂದು ಸರಿ ಇರುತ್ತದೆ ಎಂದು ತಿಳಿಯಬೇಡ. ಇದರ ಜೊತೆಗೆ ಮತ್ತೊಂದು ಮಾತು ಹೇಳಿದ್ದರು. "ನಮ್ಮದು ಪೋಸ್ಟ್ ಡಬ್ಬಿ ಕೂರಿಸುವ ಕೆಲಸ. ಒಳಗಿನ ಕಾಗದ ನಮ್ಮದಲ್ಲ. ಓದುವ ಹಾಗಿಲ್ಲ, ಗೊತ್ತುಂಟಲ್ಲ?"

ನಮ್ಮ ಅಂಗಡಿಗೆ ತನ್ನದೇ ಆದ ಪರೀಕ್ಷೆಯ ಪದ್ಧತಿ ಇತ್ತು. ಗಿರಾಕಿಯ ಕಂಪ್ಯೂಟರಿನಲ್ಲಿ ಹೋಗುವ ದಾರಿ ಕೂಡಿಸಿದೊಡನೆ, ಬರುವ ದಾರಿ ಇನ್ನೂ ತೆರೆದಿರದಿದ್ದರೂ, ಅದನ್ನು ಪರೀಕ್ಷಿಸಬೇಕು. ಮೇಲ್ ಪ್ರೋಗ್ರಾಮಿನ ಒಳಗಡೆ ಒಂದು ಕಿಟಕಿಯಲ್ಲಿ ಉತ್ತರದ ಖಾನೆ ಎಂದಿರುತ್ತದೆ. ಸಾಮಾನ್ಯವಾಗಿ ಅದು ಖಾಲಿ. ಅಲ್ಲಿ ಯಾವ ವಿಳಾಸ ಬರೆಯುತ್ತೀರೋ, ನಿಮ್ಮ ಮೇಲಿಗೆ ಜನ ಕೊಡುವ ಉತ್ತರ ನಿಮಗೆ ಬರದೆ ಆ ವಿಳಾಸಕ್ಕೆ ಹೋಗುತ್ತದೆ. ನಾವು ಅಲ್ಲಿ ಅಂಗಡಿಯ ವಿಳಾಸ ಹಾಕಿ, ಗಿರಾಕಿಯ ಪರಿಚಯದವರಿಗೆ ಒಂದು ಮೇಲ್ ಕಳಿಸಿ, ಉತ್ತರ ಕೊಡಿ ಎಂದು ಕೇಳುತ್ತಿದ್ದೆವು. ಉತ್ತರ ಅಂಗಡಿಗೆ ಬಂದರೆ ಅಲ್ಲಿದ್ದವರು ಫೋನ್ ಮಾಡಿ "ಬಂತು" ಎನ್ನುತ್ತಿದ್ದರು. ಆಮೇಲೆ ಆ ಖಾನೆ ಖಾಲಿ ಮಾಡಿ ಎದ್ದು ಬರಬೇಕು. ಅಂಗಡಿಯ ಆ ಮೇಲ್ ತೆರೆಯುತ್ತಿದ್ದದ್ದು ನನ್ನ ಕಂಪ್ಯೂಟರಿನಲ್ಲಿ.

ಮೊದಮೊದಲು ಬಹಳ ಫಜೀತಿಪಟ್ಟೆ. ಡೊಂಬಿವಲಿಯ ಒಂದು ಬಣ್ಣದ ಕಾರ್ಖಾನೆಯಲ್ಲಿ ವಿಳಾಸದ ಚುಕ್ಕಿಯ ಜಾಗದಲ್ಲಿ ಅಲ್ಪವಿರಾಮ ಹಾಕಿ, ಲೈನ್ ಕೆಟ್ಟಿದೆ ಎಂದು ಅರ್ಧ ದಿನ ವಾದ ಮಾಡಿದೆ. ವರ್ತಕ ನಗರದ ಒಬ್ಬ ಹಿರಿಯ ಲೆಕ್ಕಪರಿಶೋಧಕರು ಎಂಟು ದಿನದಿಂದ ಒಂದೂ ಮೇಲ್ ಬಂದಿಲ್ಲವೆಂದು ಕರೆಸಿದರು. ಹೋಗಿ ನೋಡಿದರೆ ಅವರ ಕೈ ತಪ್ಪಿ ಪಟ್ಟಿಯ ಮೇಲಿನ 'ಯಾರಿಂದ' ಎಂಬಲ್ಲಿ ಒತ್ತಿತ್ತು. ಮೇಲುಗಳೆಲ್ಲ ತಾರೀಖಿನ ಕ್ರಮ ಬಿಟ್ಟು ಹೆಸರಿನ ಕ್ರಮದಲ್ಲಿ ನಿಂತಿದ್ದವು, ಹೊಸದೆಲ್ಲ ಹಳೆಯದರ ಸಂದಿಯಲ್ಲಿ ಅಡಗಿತ್ತು. ಒಂದು ಸಲ ಒತ್ತಿ ಸರಿಮಾಡಿದೆ. "ಬಸ್, ಇತನಾಚ್?" ಇಷ್ಟೇ ಏನು ಎಂದು ಕೇಳಿ, ನಕ್ಕು, ಹೆಂಡತಿಯನ್ನು ಕರೆದು ಶಿರಾ ಕೊಡಿಸಿದರು. ಅಂಥ ದಿನ ರೈಲಿನಲ್ಲಿ ನಿಂತುಕೊಂಡು ಬಂದರೂ ಕಾಲು ನೋಯುತ್ತಿರಲಿಲ್ಲ. ದಾರಿಯುದ್ದಕ್ಕೂ, ಏಳನೆಯ ಇಯತ್ತೆಯವಳು ಮಾಡಿದೆನಲ್ಲ ಎಂದುಕೊಳ್ಳುತ್ತಿದ್ದೆ.

ಈ ಹೆಮ್ಮೆ ಮೂರು ವರ್ಷ ಬಾಳಿತು. ನಾಲ್ಕನೆಯ ವರ್ಷ ರೇಣುಕಾ ಬಂದಳು.

ಅವಳು ಬಿ.ಕಾಂ. ಮುಗಿಸಿ, ಕಂಪ್ಯೂಟರ್ ಕೋರ್ಸು ಮಾಡಿ ಮನೆಯಲ್ಲಿ ಕೂತಿದ್ದಳು. ನಾನೇ ಪೈ ಸರ್ ಬಳಿ ಹೋಗಿ, "ನನ್ನ ತಂಗೀನ ತಗೋರಿ ಸರ್" ಎಂದು ಕೇಳಿಕೊಂಡೆ. ಸೆರಗು ಹಿಡಿದು ಬಂದವಳಿಗೆ ಕೆಲಸ ಕಲಿಸುತ್ತೇನೆ, ಅಲ್ಲಿಯಾದರೂ ನಾನು ದೊಡ್ಡವಳಾಗಿರುತ್ತೇನೆ ಎಂಬ ಆಸೆ ನನ್ನದು. ಅವಳಿಗೆ ಕಲಿಸಲು ಬೇಕಾದದ್ದು ಒಂಬತ್ತು ದಿನ. ನಾನು ಮೂರು ವರ್ಷ ಚುಕ್ಕಿ ಎಣಿಸಿ ನೆನಪಿಟ್ಟದ್ದನ್ನು ಅವಳು ಓದಿಕೊಂಡಳು, ಅಷ್ಟೇ. "ಅಕ್ಕಾ, ಇಲ್ಲೇ ಬರದಾರಲ್ಲ" ಎನ್ನುತ್ತಿದ್ದಳು. ಅವಳು ಮುಗ್ಧವಾಗಿಯೇ ಹೇಳುತ್ತಿದ್ದಳು. ನನಗೆ ಮಾತ್ರ ಕಪಾಳಕ್ಕೆ ಹೊಡೆದಂತಾಗುತ್ತಿತ್ತು.

ಒಂದು ದಿನ ಕಲ್ಯಾಣದ ಒಂದು ಸಾಗಾಟದ ಕಚೇರಿಯಲ್ಲಿದ್ದೆ. ಮೇಲ್ ಬರುತ್ತಿತ್ತು, ಹೋಗುತ್ತಿರಲಿಲ್ಲ. ಬೆಳಿಗ್ಗೆಯಿಂದ ಮೂರು ಸಲ ಎಲ್ಲವನ್ನೂ ಕಿತ್ತು ಮತ್ತೆ ಕೂಡಿಸಿದೆ. ಕೊನೆಗೆ ಅಲ್ಲಿಯ ಮ್ಯಾನೇಜರ್ ತಾವೇ ಅಂಗಡಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ಎತ್ತಿದವಳು ರೇಣುಕಾ.

"ಅಕ್ಕಾ, ಹೋಗೋ ದಾರಿಗೂ ಪಾಸ್‌ವರ್ಡ್ ಬೇಕಂತ ಕೆಳಗ ಒಂದು ಟಿಕ್ ಐತಲ್ಲ, ಹಾಕೀಯೇನು? ಹೊಸಾ ಸರ್ವರಿಗೆ ಅದು ಬೇಕs ಬೇಕು."

ಹಾಕಿದೆ. ಹೋಯಿತು. ಮ್ಯಾನೇಜರ್ ಫೋನಿಗೆ ಬಗ್ಗಿ, "ಛೋಟಿ ಮ್ಯಾಡಮ್, ಅಗಲೀ ಬಾರ್ ಆಪ್ ಹೀ ಆನಾ" ಎಂದು ಮುಂದಿನ ಸಲಕ್ಕೆ ಅವಳನ್ನೇ ಕರೆದರು. ನಾನು ಅಲ್ಲೇ ನಿಂತಿದ್ದೆ, ಕೈಯಲ್ಲಿ ಅವರು ಸಹಿ ಹಾಕಬೇಕಾದ ಚೀಟಿ ಹಿಡಿದುಕೊಂಡು.

ಅಂದಿನಿಂದ ಫೋನ್ ಬಂದರೆ ಕೇಳುವುದು ಛೋಟಿ ಮ್ಯಾಡಮ್‌ಳನ್ನು. ನನ್ನ ಹೆಸರು ನೀಲಮ್ಮ ಎಂಬುದು ಗಿರಾಕಿಗಳಿಗೆ ಮರೆತೇಹೋಯಿತು. ನಾನು 'ಬಡೀ ದೀದಿ' ಆದೆ. ಮನೆಗೆ ಹೋದರೆ ಅವ್ವ ರೇಣುಕಾಳ ತಟ್ಟೆಗೆ ಮೊದಲು ಬಡಿಸಿ, "ತಲೀ ಕೆಲಸ ಮಾಡಿ ಬಂದೈತಿ ಕೂಸು" ಎನ್ನುತ್ತಿದ್ದಳು. ನಾನು ಮಾಡಿ ಬಂದದ್ದು ಯಾವ ಕೆಲಸ ಎಂದು ಕೇಳಬೇಕೆನ್ನಿಸುತ್ತಿತ್ತು. ಕೇಳದೆ ಉಣ್ಣುತ್ತಿದ್ದೆ. ಅವಳ ನಗು, ಅವಳ ಇಂಗ್ಲಿಷು, ಅವಳು ರೈಲಿನಲ್ಲಿ ಇಂಗ್ಲಿಷ್ ಪೇಪರ್ ಮಡಿಸಿ ಹಿಡಿಯುವ ರೀತಿ, ಎಲ್ಲವೂ ನನ್ನನ್ನು ಸುಡುತ್ತಿತ್ತು. ಅವಳಿಗೆ ಜ್ವರ ಬಂದು ಎರಡು ದಿನ ಮಲಗಿದಾಗ ಅಂಗಡಿಯಲ್ಲಿ ನನಗೆ ಹಾಯೆನಿಸಿತ್ತು. ಇದನ್ನೂ ಬರೆದುಬಿಡುತ್ತೇನೆ.

ಆ ವರ್ಷವೇ ರೇಣುಕಾಳ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೆಟ್ಟಿತು. ಹೊಸದು ಹಾಕಿ, ಅವಳ ಮೇಲ್ ಅಕೌಂಟನ್ನು ನಾನು ಕೂಡಿಸಿದೆ. ಪದ್ಧತಿಯ ಪ್ರಕಾರ ಉತ್ತರದ ಖಾನೆಯಲ್ಲಿ ಅಂಗಡಿಯ ವಿಳಾಸ ಹಾಕಿ ಪರೀಕ್ಷಿಸಿದೆ. ಅಷ್ಟರಲ್ಲಿ ಯಾರೋ ಗಿರಾಕಿ ಬಂದರು, ಎದ್ದು ಹೋದೆ. ಖಾಲಿ ಮಾಡುವುದು ಮರೆತುಹೋಯಿತು. ಇಲ್ಲಿಯವರೆಗೆ ನನ್ನದು ಬರೀ ಮರೆವು.

ಅವಳಿಗೆ ಏನೂ ಗೊತ್ತಾಗಲಿಲ್ಲ. ಯಾರಾದರೂ ಹೊಸದಾಗಿ ಬರೆದ ಮೇಲ್ ಅವಳಿಗೆ ಸರಿಯಾಗಿಯೇ ಬರುತ್ತಿತ್ತು. ಅವಳು ಬರೆದದ್ದಕ್ಕೆ ಬರುವ ಉತ್ತರ ಮಾತ್ರ ನನ್ನ ಕಂಪ್ಯೂಟರಿಗೆ ಬರುತ್ತಿತ್ತು.

ಮೂರನೆಯ ದಿನ, ಒಂದು ಸೋಮವಾರ, ಅಂಗಡಿಯ ಮೇಲಿನಲ್ಲಿ ಒಂದು ಕಾಗದ ಬಂತು. ಮೇಲೆ ರೇಣುಕಾಳ ಹೆಸರಿತ್ತು. ಅಕ್ಷರ ಕೂಡಿಸುತ್ತ ಓದಿದೆ. ಮಹಾಪೆಯ ಒಂದು ದೊಡ್ಡ ಕಂಪನಿ. ಅವರ ಕಂಪ್ಯೂಟರ್ ವಿಭಾಗದಲ್ಲಿ ಜಾಗ ಖಾಲಿ ಇದೆಯೆಂದು ಅವಳು ಶನಿವಾರ ಮೇಲಿನಲ್ಲಿ ಅರ್ಜಿ ಕಳಿಸಿದ್ದಳು. ಗುರುವಾರ ಹನ್ನೊಂದು ಗಂಟೆಗೆ ಇಂಟರ್‌ವ್ಯೂ, ಸರ್ಟಿಫಿಕೇಟ್ ತರಬೇಕು, ಬರುತ್ತೀರೋ ಇಲ್ಲವೋ ಬುಧವಾರದೊಳಗೆ ತಿಳಿಸಬೇಕು. ಅಷ್ಟು ತಿಳಿಯಲು ನನ್ನ ಏಳನೆಯ ಇಯತ್ತೆ ಸಾಕಾಯಿತು.

ರೇಣುಕಾ ನನ್ನಿಂದ ಮೂರು ಮಾರು ದೂರದಲ್ಲಿ ಕೂತಿದ್ದಳು. ಕರೆದಿದ್ದರೆ ಎದ್ದು ಬರುತ್ತಿದ್ದಳು. ಬಾಯಿ ತೆರೆದೆ ಕೂಡ. ಆಗ ಅವಳು ಆ ದೊಡ್ಡ ಕಂಪನಿಯ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋಗುವುದು ಕಣ್ಣಿಗೆ ಕಟ್ಟಿತು. ಕೊರಳಲ್ಲಿ ಕಾರ್ಡು. ಅವ್ವ ಇಡೀ ವಠಾರಕ್ಕೆ ಪೇಢೆ ಹಂಚುವುದು. ನಾನು ಅದೇ ಚೀಟಿ ಹಿಡಿದು ಕಾರ್ಖಾನೆಗಳ ಬಾಗಿಲಲ್ಲಿ ನಿಲ್ಲುವುದು. ಬಾಯಿ ಮುಚ್ಚಿದೆ. ಮೇಲನ್ನು ಅಳಿಸಲು ಧೈರ್ಯ ಬರಲಿಲ್ಲ. ಮೇಲ್ ಪ್ರೋಗ್ರಾಮಿನ ಒಳಗೇ ಬೇರೊಂದು ಡಬ್ಬಿ ಮಾಡಿ, ಅದಕ್ಕೆ ಹೆಸರನ್ನೂ ಇಡದೆ, ಒಳಗೆ ಹಾಕಿದೆ.

ಮಂಗಳವಾರ ರೇಣುಕಾ ತನ್ನ ಪರದೆಯ ಮುಂದೆ ಮತ್ತೆ ಮತ್ತೆ ಮೇಲ್ ತರಿಸುವ ಗುಂಡಿ ಒತ್ತುತ್ತಿದ್ದಳು. "ಅಕ್ಕಾ, ನನ್ನ ಅಕೌಂಟ್ ಎಲ್ಲಾ ಸರಿ ಐತಿಲ್ಲ?"

"ಎಲ್ಲಾ ಸರಿ ಐತಿ. ಯಾಕ?"

"ಏನಿಲ್ಲ, ಹಿಂಗs ಕೇಳಿದೆ."

ಅರ್ಜಿಯ ಮಾತು ಅವಳು ನನಗೆ ಹೇಳಿರಲಿಲ್ಲ. ಸಿಕ್ಕ ಮೇಲೆ ಹೇಳೋಣವೆಂದಿದ್ದಳೇನೋ. ಆಗ ನಮ್ಮ ಮನೆಯಲ್ಲಿ ಯಾರ ಕೈಯಲ್ಲೂ ಮೊಬೈಲ್ ಇರಲಿಲ್ಲ. ಅರ್ಜಿಯಲ್ಲಿ ಅಂಗಡಿಯ ನಂಬರು ಕೊಟ್ಟಿದ್ದಿರಬೇಕು. ಅವರು ಫೋನ್ ಮಾಡಿದ್ದರೂ ಸಿಕ್ಕಿರಲಿಕ್ಕಿಲ್ಲ. ಇಂಟರ್ನೆಟ್ಟಿಗೂ ಅದೇ ಲೈನು, ಅದು ದಿನದಲ್ಲಿ ಬಹಳ ಹೊತ್ತು ಎಂಗೇಜ್. ಗುರುವಾರ ಹನ್ನೊಂದು ಗಂಟೆಗೆ ರೇಣುಕಾ ನೆಲದ ಮೇಲೆ ಕೂತು ಕೇಬಲಿಗೆ ತುದಿ ಕೂಡಿಸುತ್ತಿದ್ದಳು. ನಾನು ಗಡಿಯಾರ ನೋಡಿದೆ, ಅವಳನ್ನು ನೋಡಿದೆ. ಈಗಲೂ ಹೇಳಬಹುದು, ರಿಕ್ಷಾ ಹಿಡಿದರೆ ಒಂದು ತಾಸಿನಲ್ಲಿ ಮಹಾಪೆ ಮುಟ್ಟಬಹುದು ಎಂದುಕೊಂಡೆ. ಹನ್ನೆರಡಾಯಿತು. ಹಸಿವಾಯಿತು. ಇಬ್ಬರೂ ಒಂದೇ ಡಬ್ಬಿಯಿಂದ ಉಂಡೆವು.

ಮುಂದಿನ ಸೋಮವಾರ ಹೆದರಿಕೆಯಾಗಿ, ಅವಳು ಊಟಕ್ಕೆ ಎದ್ದಾಗ ಅವಳ ಕಂಪ್ಯೂಟರಿನಲ್ಲಿ ಉತ್ತರದ ಖಾನೆ ತೆರೆದೆ. ಅದು ಖಾಲಿ ಇತ್ತು.

ಯಾರು ಖಾಲಿ ಮಾಡಿದರು? ಪೈ ಸರ್ ಏನಾದರೂ ನೋಡಿದರೇ? ನಾನೇ ಮಾಡಿ ಮರೆತೆನೇ? ರೇಣುಕಾ ಎಂಬ ಉತ್ತರ ಎದುರಿಗೇ ಇತ್ತು, ಅದರ ಹತ್ತಿರ ಹೋಗಲಿಲ್ಲ. ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಅದೇ ತಿಂಗಳು, ನನಗಾಗಿ ಅವಳು ಅಕೌಂಟ್ ಕೂಡಿಸುವ ಕ್ರಮವನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದ್ದ ರಟ್ಟಿನ ಮೇಲೆ ಒಂದು ಸಾಲು ಹೆಚ್ಚಾಯಿತು. ಮೊದಲು ಐದು ಸಾಲು ಇದ್ದವು. ಆರನೆಯದು ಬೇರೆ ಶಾಯಿಯಲ್ಲಿತ್ತು: 'ಪರೀಕ್ಷೆ ಆದ ಮೇಲೆ ಉತ್ತರದ ಖಾನೆ ಖಾಲಿ ಮಾಡುವುದು.' ಕೇಳಿದ್ದಕ್ಕೆ, "ಪೈ ಸರ್ ಹೇಳ್ಯಾರ" ಎಂದಳು. ಅದೇ ದಿನಗಳಲ್ಲಿ ಅವಳು ನನ್ನ ಜೊತೆ ನಾಲ್ಕು ಗಂಟೆಯ ಚಹಾ ಬಿಟ್ಟಳು. ಪಿತ್ತ ಎಂದಳು. ನಂಬಿದೆ.

ಇನ್ನೊಂದು ಹೊಸ ಚಾಳಿ ಅವಳಿಗೆ ಹತ್ತಿತು. ನಾನು ಕೂಡಿಸಿದ ಪ್ರತಿಯೊಂದು ಅಕೌಂಟನ್ನೂ ಅವಳು ಮತ್ತೆ ತೆರೆದು ಮೊದಲಿಂದ ಕೊನೆಯವರೆಗೆ ನೋಡುವಳು. ಗಿರಾಕಿಯ ಎದುರಿಗೇ. ನಾನು ಎದ್ದ ಕುರ್ಚಿಯ ಬಿಸಿ ಆರುವ ಮೊದಲೇ ಕೂತುಬಿಡುವಳು. "ಎಷ್ಟು ಸೊಕ್ಕು ಇಕೀಗೆ, ನಾ ಕಲಿಸಿದಾಕಿ ನನ್ನನ್ನೇ ತಪಾಸಣೆ ಮಾಡ್ತಾಳ" ಎಂದು ಒಳಗೊಳಗೇ ಕುದಿಯುತ್ತಿದ್ದೆ. ಆ ಕುದಿತದಲ್ಲಿ ನನ್ನ ತಪ್ಪು ಕೂಡ ಎಷ್ಟೋ ದಿನ ಮರೆತುಹೋಗುತ್ತಿತ್ತು. ನಿಜ ಹೇಳಬೇಕೆಂದರೆ, ಹೊಟ್ಟೆಕಿಚ್ಚು ನನಗೆ ನೆಮ್ಮದಿ ಕೊಡುತ್ತಿತ್ತು.

ಪೈ ಸರ್ ವಯಸ್ಸಾಗಿ ಊರಿಗೆ ಹೋಗುವಾಗ ಅಂಗಡಿಯನ್ನು ರೇಣುಕಾಳ ಕೈಗೆ ಒಪ್ಪಿಸಿದರು. ನಾನು ತಂಗಿಯ ಕೈಕೆಳಗಿನ ಕೆಲಸದವಳಾದೆ. ಅವಳ ಮದುವೆಯಾಯಿತು, ಘೋಡಬಂದರ್ ರಸ್ತೆಯಲ್ಲಿ ಲಿಫ್ಟ್ ಇರುವ ಮನೆ ಬಂತು. ನಾನು ದಿವಾದ ಅದೇ ಒಂದು ಕೋಣೆಯ ಮನೆಯಲ್ಲಿ ಉಳಿದೆ. ಕೆಲಸವೂ ಬದಲಾಯಿತು. ನಾನು ಚುಕ್ಕಿ ಎಣಿಸಿದ ನಂಬರುಗಳು ಹೋಗಿ ಹೊಸ ನಂಬರು ಬಂದವು. ಮೇಲುಗಳು ಕಂಪ್ಯೂಟರಿಗೆ ಇಳಿಯುವ ಬದಲು ಸರ್ವರಿನಲ್ಲೇ ಉಳಿಯತೊಡಗಿದವು. ಈಗಂತೂ ಹೆಸರು, ಪಾಸ್‌ವರ್ಡ್ ಹಾಕಿದರೆ ಪ್ರೋಗ್ರಾಮೇ ಉಳಿದದ್ದನ್ನು ಹುಡುಕಿಕೊಳ್ಳುತ್ತದೆ, ಮಾಲೀಕನ ಫೋನಿಗೆ ಒಂದು ಕೋಡ್ ಬರುತ್ತದೆ. ನಮ್ಮ ಪರೀಕ್ಷೆಯ ಪದ್ಧತಿ ಯಾರಿಗೂ ಬೇಡವಾಯಿತು. ಖಾನೆ ಮಾತ್ರ ಈಗಲೂ ಇದೆ. ತೆರೆದು ನೋಡಿ.

ಕೆಲಸ ಬಿಟ್ಟ ಮೇಲೆ, ಈ ಬರಹಕ್ಕೆ ಕುಳಿತಾಗ, ಇದೊಂದನ್ನು ಬಿಟ್ಟು ಬರೆಯಲು ನೋಡಿದೆ. ಆಗಲಿಲ್ಲ. ಅವಳಿಗೆ ಹೇಳದೆ ನಿಮಗೆ ಹೇಳುವುದು ಸರಿಯಲ್ಲ ಎನ್ನಿಸಿ, ಹೋದ ಭಾನುವಾರ ಅವಳ ಮನೆಗೆ ಹೋದೆ. ಅವಳ ಮಗಳು ಹೊಸ ಲ್ಯಾಪ್‌ಟಾಪ್ ತಂದಿದ್ದಳು. "ಮಾವಶಿ, ಮಾಝಾ ಕಾಲೇಜ್‌ಚಾ ಮೇಲ್ ಟಾಕೂನ್ ದೇ ನಾ" ಎಂದು ಕಾಲೇಜಿನ ಮೇಲ್ ಕೂಡಿಸಿಕೊಡಲು ಹೇಳಿ, ಮುಂದೆ ಇಟ್ಟು ಹೊರಗೆ ಹೋದಳು. ಹುಡುಗಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲೇ. ಅಕೌಂಟ್ ಕೂಡಿಸುತ್ತ, ಪರದೆಯನ್ನೇ ನೋಡುತ್ತ ಹೇಳಿದೆ.

"ರೇಣೀ, ಮಹಾಪೆ ಕಂಪನಿಯಿಂದ ನಿನಗ ಒಂದು ಮೇಲ್ ಬಂದಿತ್ತು. ಆಗ."

ಅವಳು ಮೆಂತ್ಯಪಲ್ಲೆ ಬಿಡಿಸುತ್ತಿದ್ದಳು. ಕೈ ನಿಲ್ಲಲಿಲ್ಲ. "ಗೊತ್ತೈತಿ."

"ಯಾವಾಗಿಂದ?"

"ಇಂಟರ್‌ವ್ಯೂ ಮರುದಿನ, ಶುಕ್ರವಾರದಿಂದ. ಬೂತಿನಿಂದ ಅವರಿಗೆ ಫೋನ್ ಮಾಡಿದೆ. ಉತ್ತರ ಹಾಕಿದ್ವಲ್ಲ ಅಂತ ಹೇಳಿ, ಯಾವ ವಿಳಾಸಕ್ಕ ಹೋಗೈತಿ ಓದಿ ಹೇಳಿದ್ರು. ಬಂದು ಖಾನೆ ನೋಡಿದೆ. ಮರತಿರಬೇಕು ಅಂದುಕೊಂಡೆ. ಆಮ್ಯಾಲ ನಿನ್ನ ಮಶೀನ್ ತೆರದೆ. ನೀ ಓದಿಟ್ಟ ಮೇಲ್ ಇತ್ತು, ಹೆಸರಿಲ್ಲದ ಡಬ್ಬಿಯೊಳಗ."

ನಾನು ಕೀಲಿಮಣೆಯಿಂದ ಕೈ ತೆಗೆದೆ. "ಒಂದು ಮಾತು ಬೈಲಿಲ್ಲಲ್ಲ."

"ಬೈದ್ರ ನೀ ಕೆಲಸ ಬಿಟ್ಟು ಮನಿಯಾಗ ಕೂಡ್ತಿದ್ದಿ. ಅವ್ವಗ ಏನಂತ ಹೇಳ್ಬೇಕಿತ್ತು? ಆರು ತಿಂಗಳು ನಿನ್ನ ಕೂಡ ಚಹಾ ಕುಡೀಲಿಲ್ಲ. ನೀ ಪಿತ್ತಕ್ಕಂತ ಜೀರಿಗಿ ನೀರು ಮಾಡಿಕೊಟ್ಟಿ." ಇಲ್ಲಿ ಅವಳು ಸ್ವಲ್ಪ ನಕ್ಕಳು. ಆ ನಗು ಬೇಗ ನಿಂತಿತು. "ಸಿಟ್ಟು ನಿನ್ನ ಮ್ಯಾಲ ಅಷ್ಟ ಅಲ್ಲಕ್ಕಾ, ನನ್ನ ಮ್ಯಾಲೂ ಇತ್ತು. ಬ್ಯಾರೆ ಯಾರು ಮಾಡಿದ್ರೂ ನಾ ಒಮ್ಮೆ ತೆರದು ನೋಡ್ತಿದ್ದೆ. ಪೈ ಸರ್ ಮಾಡಿದ್ದನ್ನೂ ನೋಡ್ತಿದ್ದೆ. ನನ್ನ ಅಕೌಂಟ್ ಒಂದು ನೋಡ್ಲಿಲ್ಲ. ನೀ ಮಾಡಿದ್ದಂತ ನೋಡ್ಲಿಲ್ಲ."

ಅವಳು ನನ್ನ ಕುರ್ಚಿಯಲ್ಲಿ ಕೂತು ನನ್ನ ಕೆಲಸವನ್ನು ಮತ್ತೆ ಮತ್ತೆ ತಪಾಸಣೆ ಮಾಡಿದ ವರ್ಷಗಳೆಲ್ಲ ಎದುರಿಗೆ ಬಂದವು. ಸೊಕ್ಕೆಂದು ನಾನು ಸುಟ್ಟುಕೊಂಡದ್ದು ಸೊಕ್ಕಾಗಿರಲಿಲ್ಲ. ಹಾಗೆ ತೆರೆದು ನೋಡುವುದನ್ನು ಅವಳಿಗೆ ಕಲಿಸಿದವಳು ನಾನೇ.

ಕ್ಷಮೆ ಕೇಳಿದೆ. ಅವಳು ಮೆಂತ್ಯದ ಕಡ್ಡಿಗಳನ್ನು ಒಂದು ಕಡೆಗೆ ಸರಿಸಿದಳು. ನಾನು ಲ್ಯಾಪ್‌ಟಾಪನ್ನು ಅವಳ ಕಡೆಗೆ ತಿರುಗಿಸಿದೆ.

"ನೋಡು."

"ನೀ ಮಾಡೀಯಲ್ಲ."

"ಅದಕ್ಕs ಅಂದೆ. ತೆರದು ನೋಡು."

ಅವಳು ಸೆರಗಿಗೆ ಕೈ ಒರೆಸಿಕೊಂಡು ಕನ್ನಡಕ ಹಾಕಿಕೊಂಡಳು. ಬರುವ ದಾರಿ ನೋಡಿದಳು, ಹೋಗುವ ದಾರಿ ನೋಡಿದಳು, ಹೆಸರು, ಪಾಸ್‌ವರ್ಡ್, ಟಿಕ್, ಒಂದೊಂದನ್ನೂ ಬೆರಳಿಟ್ಟು ನೋಡಿದಳು. ಕೊನೆಯ ಕಿಟಕಿಯಲ್ಲಿ ಉತ್ತರದ ಖಾನೆಯ ಮೇಲೆ ಬೆರಳಿಟ್ಟಳು.

"ಖಾಲಿ ಐತಿ, ಅಕ್ಕಾ" ಎಂದಳು.